ಗುರುತು ಹೇಳಿದರೆ ಟ್ರಂಕ್ ಕಾಲ್

ನಮ್ಮ ಸೋದರಮಾವನನ್ನು ದಾಟಿ ಫೋನ್ ಮಾಡುವುದಕ್ಕಿಂತ ಕೊಟ್ಟೂರಿನಿಂದ ಬಳ್ಳಾರಿಗೆ ನಡೆದೇ ಹೋಗುವುದು ಸುಲಭ! ಅವ್ವ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದ ಹದಿನೆಂಟು ದಿನವೂ ನಾನು ಹೀಗೇ ಅಂದುಕೊಂಡಿದ್ದೇನೆ.

ಮಾವ ಆಗ ಕೊಟ್ಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರಲ್ಲಿ ಯಾರು ಫೋನೆತ್ತಿದರೂ ಮೊದಲು ಅವರ ಕಿವಿಗೇ ಬೀಳಬೇಕು. ಅವರು ತಂತಿ ಚುಚ್ಚಿದರೆ ಮಾತ್ರ ಪರವೂರಿಗೆ ಟ್ರಂಕ್ ಕಾಲ್. ಒಮ್ಮೆ ಯಾರೋ ಪುಣ್ಯಾತ್ಮ ಶೇಂಗಾ ಮಂಡಿಯ ಸಾಹುಕಾರರ ದನಿ ಅನುಕರಿಸಿ, ಅವರ ಫೋನಿನಿಂದಲೇ ದಾವಣಗೆರೆಗೆ ‘ಲಾರಿ ಕಳಿಸಬೇಡಿ’ ಎಂದುಬಿಟ್ಟ. ಸಾಹುಕಾರರು ಎಂಟು ದಿನದಲ್ಲಿ ಮರೆತರು. ಮಾವ ಮರೆಯಲಿಲ್ಲ. ಇಲಾಖೆ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಪ್ರತಿ ಫೋನಿಗೂ ಒಂದೊಂದು ಗುಟ್ಟಿನ ಮಾತು ಗೊತ್ತುಮಾಡಿದರು. ಆ ಗುರುತು ಹೇಳಿದರೆ ಟ್ರಂಕ್ ಕಾಲ್, ಇಲ್ಲದಿದ್ದರೆ ಇಲ್ಲ. ಅಮಾವಾಸ್ಯೆಗೊಮ್ಮೆ ಮಾತು ಬದಲು. ಹೊಸ ಮಾತಿನ ಚೀಟಿ ಹಿಡಿದು ಸೈಕಲ್ ಮೇಲೆ ತಾವೇ ಬರುತ್ತಿದ್ದರು. ಓದಿ, ಅವರೆದುರೇ ಹರಿಯಬೇಕು. ಸಾಹುಕಾರರು ಅದನ್ನು ಇದ್ದಿಲಿನಿಂದ ಗೋಡೆಗೆ ಬರೆದಿಟ್ಟುಕೊಂಡರು. ಮಾವ ಹೋಗಿ ಹೆಗಲ ಟವೆಲಿನಿಂದ ಒರೆಸಿ, ಮಾತನ್ನೂ ಬದಲಿಸಿ ಬಂದರು!

ಫೌಜದಾರರಿಗಾದರೂ ರಿಯಾಯಿತಿ ಉಂಟೆ?

“ನಾನ್ರೀ, ಠಾಣೆಯಿಂದ!”

“ಯಾವ ಠಾಣೆನೋ, ಯಾರಿಗ್ ಗೊತ್ತು? ಗುರುತು ಹೇಳ್ರಿ.”

“ನನ್ನ ದನಿ ಗೊತ್ತಾಗಂಗಿಲ್ಲೇನ್ರಿ?”

“ದನಿ ಕಳ್ಳರಿಗೂ ಇರತೈತ್ರಿ ಸಾಹೇಬ್ರ.”

ಕೊನೆಗೆ ಫೌಜದಾರರು ಲಾಕಪ್ಪಿಗೆ ಬೆನ್ನು ತಿರುಗಿಸಿ “ಒಗ್ಗರಣಿ ಮಂಡಕ್ಕಿ!” ಎಂದು ಕಿರುಚಬೇಕಾಯಿತು. ಒಳಗಿದ್ದ ಕಳ್ಳ, “ನನಗೂ ಒಂದ್ ಪ್ಲೇಟ್ ಹೇಳ್ರಿ” ಅಂದನಂತೆ.

ಮನೆಯಲ್ಲೂ ಅಷ್ಟೇ. ಅತ್ತೆ ಬಾಗಿಲು ಬಡಿದರೆ ಒಳಗಿನಿಂದ, “ಗುರುತು?”

“ರೊಟ್ಟಿ ಬೇಕೋ ಬ್ಯಾಡೋ?”

ಬಾಗಿಲು ತಕ್ಷಣ ತೆರೆಯುತ್ತಿತ್ತು. ಆ ಗುರುತೊಂದು ಯಾವ ಅಮಾವಾಸ್ಯೆಗೂ ಬದಲಾಗಲಿಲ್ಲ.

ನಾನು ಎಣ್ಣೆ ಗಿರಣಿಯಲ್ಲಿ ಗುಮಾಸ್ತ. ಅಣ್ಣ ಬಳ್ಳಾರಿಯಲ್ಲಿ ಅವ್ವನ ಬಳಿ. ದಿನವೂ ಮಧ್ಯಾಹ್ನ ಎರಡಕ್ಕೆ ಗಿರಣಿಯಿಂದ ಆಸ್ಪತ್ರೆಗೆ ಕಾಲ್ ಕೇಳುತ್ತಿದ್ದೆ.

“ಮಾವ, ಅವ್ವಗ ಹ್ಯಾಂಗೈತಿ ಕೇಳಬೇಕ್ರಿ. ಆಕಿ ನಿಮ್ಮ ಅಕ್ಕ ಅಲ್ಲೇನ್ರಿ!”

“ಅಕ್ಕ ಆದ್ರೇನಲೇ? ಗುರುತು ಹೇಳು.”

ಹಲ್ಲು ಕಚ್ಚಿ ಹೇಳುತ್ತಿದ್ದೆ. ಹದಿನೆಂಟನೆಯ ದಿನವೂ ಸ್ಪಷ್ಟವಾಗಿಯೇ ಹೇಳಿದೆ: “ನುಗ್ಗಿಕಾಯಿ.”

ಆ ಕಡೆ ಕುರ್ಚಿ ಎಳೆದ ಸದ್ದು.

“ತಪ್ಪು.”

“ನಿನ್ನಿ ಇದನ್ನ ಹೇಳೀನ್ರಿ ಮಾವ!”

“ತಪ್ಪು ಅಂದ್ನೆಲ್ಲ. ಇಲ್ಲಿಗೆ ಬಾ.”

ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಹಿರಿಯರೆಂಬುದನ್ನೂ ನೋಡಬಾರದೆಂದು ನಿಶ್ಚಯಿಸಿದೆ.

ಎಕ್ಸ್‌ಚೇಂಜಿನ ಒಳಗೆ ಕಾಲಿಟ್ಟೆ. ಬೋರ್ಡಿನ ಮೇಲೆ ನಾಲ್ಕು ಬಿಲ್ಲೆಗಳು ಬಿದ್ದಿದ್ದವು. ಅಂದರೆ ಊರಿನ ನಾಲ್ಕು ಫೋನುಗಳು ಕರೆಯುತ್ತಿದ್ದವು. ಮಾವ ಉತ್ತರಿಸುತ್ತಿರಲಿಲ್ಲ. ಹಾಗೆ ಅವರನ್ನು ನಾನು ಎಂದೂ ಕಂಡಿರಲಿಲ್ಲ. ತಲೆಗೆ ಹಾಕುವ ಹೆಡ್‌ಫೋನ್ ಮೇಜಿನ ಮೇಲಿತ್ತು. ತಮ್ಮ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಿಟ್ಟಿದ್ದರು.

“ನುಗ್ಗಿಕಾಯಿ ಸರಿನ ಐತಲೇ. ಕೂಡು,” ಅಂದರು. “ಕಾಲು ತಾಸಿನ ಹಿಂದ ಬಳ್ಳಾರಿಂದ ನಿಮ್ಮಣ್ಣ ಮಾಡಿದ್ದ. ಅಕ್ಕ ಹೋದ್ಲಪಾ. ತಂತಿಮ್ಯಾಗ ನಿನಗ ಹ್ಯಾಂಗ ಹೇಳ್ಲಿ? ಅಲ್ಲಿ ಗಿರಣ್ಯಾಗ ನಿನ್ನ ಹಿಡಕೊಳ್ಳಾಕ ಯಾರದಾರ?”

ಎರಡೂ ಕೈಗಳಿಂದ ನನ್ನ ಭುಜ ಹಿಡಿದುಕೊಂಡರು. ಬೋರ್ಡಿನ ಮೇಲೆ ಐದನೆಯ ಬಿಲ್ಲೆ ಬಿತ್ತು.

ಅವರಿಗೆ ಮಾತ್ರ ಆ ಸುದ್ದಿಯನ್ನು ತಂತಿಯೇ ಹೇಳಿತ್ತು. ಆಗ ಪಕ್ಕದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.