ಗುಡುಗಣ್ಣನ ಸೊಂಟ

ನನ್ನದು ಅಂತ ಹೇಳಿಕೊಳ್ಳುವಂಥದ್ದು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಕೆಮ್ಮು ನಮ್ಮ ದೊಡ್ಡಪ್ಪನದು, ಸೀನು ಹೆಡ್‌ಮಾಸ್ಟರದು, ನಗು ಕೊಣನೂರು ಬಸ್ಸಿನ ಕಂಡಕ್ಟರದು. ಮಿಮಿಕ್ರಿ ಮಾಡುವವನ ಬಾಳೇ ಹೀಗೆ, ಊರವರ ಗಂಟಲಲ್ಲಿ ಊಟ. ಫೋನಿನಲ್ಲಿ ನಾನು "ಅವ್ವಾ" ಅಂದರೆ ನಮ್ಮವ್ವ, "ಇದ್ಯಾರ್ ದನೀಲಾ, ಮೊದ್ಲು ಅದೇಳು" ಅನ್ನುತ್ತಾಳೆ.

ಒಂದು ಐಟಂ ಮಾತ್ರ ನನ್ನ ಸ್ವಂತದ್ದೆಂದು ಬೀಗುತ್ತಿದ್ದೆ: ಗುಡುಗಣ್ಣ. ಹೊಳೆನರಸೀಪುರದ ಚಿತ್ರಕಾರ ನಂಜುಂಡಪ್ಪನವರು ಜೀವಮಾನವಿಡೀ ಬರೆದ ಕಾಮಿಕ್ಸ್ ಪುಸ್ತಕಗಳ ಹೀರೋ ಅವನು. ಎರಡೂ ಕೈ ಸೊಂಟದ ಮೇಲೆ, ಎದೆ ಮುಂದೆ, ಕತ್ತು ಎಡಕ್ಕೆ, ಒಂದು ಕಣ್ಣು ಕಿರಿದು, ಕೊರಳಿಗೆ ಕಟ್ಟಿದ ಕೆಂಪು ಬಟ್ಟೆ ಬೆನ್ನ ಮೇಲೆ. ಲೋಕಕ್ಕೆ ಕೇಡು ಬಂದಾಗಲೆಲ್ಲ ಹಾಗೆ ನಿಂತು "ಹೂಂ" ಅಂದು, ಮುಂದಿನ ಪುಟದಲ್ಲಿ ಲಾರಿ ಎತ್ತುತ್ತಾನೆ. ಪುಸ್ತಕಕ್ಕೆ ದನಿ ಇಲ್ಲವಲ್ಲ, ಆ "ಹೂಂ" ಹೇಗಿರುತ್ತದೆಂದು ಕಂಡುಹಿಡಿದವನು ನಾನೇ. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಕಾಲೇಜು ಡೇಗಳಲ್ಲಿ ಅದಕ್ಕೆ ಶಿಳ್ಳೆ ಬಿದ್ದಿದೆ. ನನ್ನ ಮೈಕಟ್ಟು ಮುದ್ದೆ ತಿರುವುವ ಹಿಟ್ಟಿನ ದೊಣ್ಣೆಯಷ್ಟಿರುವುದರಿಂದ ಒಂದಿಷ್ಟು ನಗುವೂ ಪುಕ್ಕಟೆ.

ಕಳೆದ ತಿಂಗಳು ನಂಜುಂಡಪ್ಪನವರಿಗೆ ಅವರ ಊರಲ್ಲೇ ಸನ್ಮಾನ. ಮನರಂಜನೆಗೆ ನನ್ನನ್ನು ಕರೆದರು. ಗುಡುಗಣ್ಣನನ್ನು ಹುಟ್ಟಿಸಿದವರೇ ಒಮ್ಮೆ "ಭೇಷ್" ಅಂದುಬಿಟ್ಟರೆ ಆ ಐಟಂ ನನ್ನದೆಂದು ಪತ್ರ ಬರೆದುಕೊಟ್ಟಂತೆ. ಎರಡು ದಿನ ಕನ್ನಡಿಗೆ ಬಿಡುವು ಕೊಡಲಿಲ್ಲ.

ವೇದಿಕೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು "ಹೂಂ" ಅಂದೆ. ನಕ್ಕವರು ಒಬ್ಬರೇ, ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಗೌರಮ್ಮನವರು. "ಅಯ್ಯೋ, ಇದು ನಮ್ಮನೆಯವ್ರೇ ಕಣಪ್ಪ. ಸ್ಟೂಲಿಂದ ಎದ್ದಾಗೆಲ್ಲ ಇಂಗೇ ನಿಂತ್ಕಂಡು ಹೂಂ ಅಂತ ನಳ್ಳಾಡ್ತಾರೆ. ಸೊಂಟ ನೋವು."

ಸನ್ಮಾನದ ದಿನವೇ ಹಿರಿಯರ ಕಾಯಿಲೆಯನ್ನು ಅಣಕಿಸಿದ ಅಯೋಗ್ಯ ಎಂಬಂತೆ ಎಲ್ಲರೂ ನೋಡಿದರು. ಸೊಂಟದಿಂದ ಕೈ ತೆಗೆಯಲೂ ಭಯ, ಇಟ್ಟಿರಲೂ ಭಯ. "ಸಾ, ನಾನು ಮಾಡಿದ್ದು ಗುಡುಗಣ್ಣನ್ನ" ಎಂದೆ. ನನ್ನ ಅಸಲಿ ದನಿ ಅಷ್ಟೊಂದು ಕೀರಲೆಂದು ನನಗೂ ಅವತ್ತೇ ಗೊತ್ತಾದದ್ದು.

ನಂಜುಂಡಪ್ಪನವರು ನಿಧಾನಕ್ಕೆ ಎದ್ದರು. ಕೈ ಸೊಂಟಕ್ಕೆ ಹೋಯಿತು, ಕತ್ತು ಎಡಕ್ಕೆ ವಾಲಿತು. "ಹೂಂ." ಬೆನ್ನ ಮೇಲೆ ಸನ್ಮಾನದ ಕೆಂಪು ಶಾಲು.

"ಎಡಗೈ ಒಸಿ ಕೆಳಕ್ಕೆ ಇಕ್ಕಪ್ಪ. ನೋವಿರಾದು ಅಲ್ಲಿ" ಅಂದರು. "ನಂಗೆ ಮಾಡೆಲ್ ಯಾರು ಸಿಗ್ತಿದ್ರು? ಕನ್ನಡಿ ನೋಡ್ಕಂಡು ನನ್ನೇ ಬರ್ಕತಿದ್ದೆ. ಬಣ್ಣ ಬೀಳ್ದಿರ್ಲಿ ಅಂತ ಕತ್ತಿಗೆ ಟವಲ್ ಕಟ್ತಿದ್ದೆ, ಅದೂ ಬಂತು. ಆಮೇಲೆ ಕಾಮಿಕ್ಸ್ ಬರಿಯಾಕೆ ಬಂದ ಹುಡುಗ್ರು ಅವರವರ ಹೀರೋಗಳ್ನೂ ಅಂಗೇ ನಿಲ್ಸುದ್ರು."

ಒಂದು ಸೊಂಟ ನೋವಿನಿಂದ ಎಷ್ಟು ಜನ ಲೋಕರಕ್ಷಕರು. ಸಭೆ ನಕ್ಕಿತು, ನನಗೂ ಉಸಿರು ಬಂತು. "ಭಾನುವಾರ ಮನೆಗೆ ಬಾ, ನಿನ್ನೂ ಬರೀತೀನಿ" ಅಂದರು.

ಇಸ್ತ್ರಿ ಅಂಗಿ ಹಾಕಿಕೊಂಡು, ಹೊಸ ಹೀರೋ ನಾನೇ ಎಂದುಕೊಂಡು ಹೋದೆ. ಅವರಿಗೆ ಬೇಕಾಗಿದ್ದದ್ದು ಗುಡುಗಣ್ಣ ಎತ್ತುವ ಲಾರಿಯ ಅಡಿಯಲ್ಲಿ ಸಿಕ್ಕಿಕೊಂಡ ಕ್ಲೀನರ್. ಮೂರು ಗಂಟೆ ಮಂಚದ ಕೆಳಗೆ ಮುದುರಿ ಕೂತಿದ್ದೆ.

ಮರುದಿನ ಹಾಸಿಗೆಯಿಂದ ಎದ್ದೆ. ಕೈ ತಾನಾಗಿ ಸೊಂಟಕ್ಕೆ ಹೋಯಿತು, ಎಡಗೈ ಒಸಿ ಕೆಳಕ್ಕೆ. ಬಾಯಿಂದ ಒಂದು ನರಳಾಟವೂ ಹೊರಟಿತು.

"ಎದ್ದೇಟ್ಗೇ ಶುರು ಅಚ್ಕಂಡೇನ್ಲಾ, ಇದ್ಯಾರ್ ದನಿ?" ಅಂದಳು ಅವ್ವ.

"ಹೂಂ" ಅಂದೆ. ಅದೊಂದು ನನ್ನ ಸ್ವಂತದ್ದು.