ಆಕಾಶದಿಂದ ವೇಣಿಯ ತವರು

ನಾನು ವಿಮಾನದಲ್ಲಿ ಏನೂ ನೋಡಲಿಲ್ಲ. ಮಲಗಿಬಿಟ್ಟಿದ್ದೆ. ಆದದ್ದು ಇಷ್ಟೇ. ಮೇಲೆ ಹೋಗಿ ಬಂದವರೆಲ್ಲ ಮೋಡ ಹತ್ತಿಯ ಹಾಗಿತ್ತು, ಊರು ಬೆಂಕಿಪೊಟ್ಟಣದ ಹಾಗಿತ್ತು ಅಂತ ಒಂದೇ ಪಾಠ ಒಪ್ಪಿಸುತ್ತಾರೆ. ಅವರಲ್ಲಿ ಅರ್ಧ ಜನ ನನ್ನ ಹಾಗೆಯೇ ಬಾಯಿ ತೆರೆದುಕೊಂಡು ಮಲಗಿದವರು ಅಂತ ನನ್ನ ಗುಮಾನಿ. ನಾಲ್ಕನೇ ಕ್ಲಾಸಿನವರೆಗೆ ಓದಿದವಳ ಗುಮಾನಿ, ಬೇಕಾದರೆ ನಂಬಿ.

ತಪ್ಪು ಮಾತ್ರೆಯದು. ಕೊಪ್ಪದಿಂದ ಕೆಳಗೆ ಹೊರಟವರು ಘಾಟಿ ಸಿಗುವ ಮೊದಲು ವಾಂತಿ ಮಾತ್ರೆ ನುಂಗುವುದು ನಮ್ಮಲ್ಲಿ ಚಪ್ಪಲಿ ಮೆಟ್ಟಿದಷ್ಟೇ ಸಹಜ. ಮಂಗಳೂರಿನಲ್ಲಿ ಟೀಚರಾಗಿರುವ ಮಗಳು ವಸಂತಿ, ಬೆಂಗಳೂರಿನ ಮದುವೆಯೊಂದಕ್ಕೆ ನನ್ನನ್ನು ವಿಮಾನದಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದಾಗ ನಾನು ಲೆಕ್ಕ ಹಾಕಿದೆ. ಆಗುಂಬೆ ಘಾಟಿ ಇಳಿಯುವುದಕ್ಕೇ ಒಂದು ಮಾತ್ರೆ ಬೇಕು. ಆಕಾಶದಷ್ಟು ಎತ್ತರ ಹತ್ತುವುದಕ್ಕೆ ಎರಡಾದರೂ ಬೇಡವೇ? ಎರಡು ನುಂಗಿದೆ. ವಿಮಾನ ನೆಲ ಬಿಟ್ಟಿದ್ದು ನೆನಪಿಲ್ಲ. ಸೊಂಟಕ್ಕೆ ಬೆಲ್ಟು ಕಟ್ಟಿದ ಹುಡುಗಿಯ ಕೈ ತಣ್ಣಗಿತ್ತು, ಅಷ್ಟು ನೆನಪಿದೆ.

ಬರೀ ನಿದ್ದೆಯಾದರೆ ಚಿಂತೆ ಇರಲಿಲ್ಲ. ನಾನೊಂದು ಮಾತು ಒಪ್ಪಿಕೊಂಡು ಹೋಗಿದ್ದೆ. ನನ್ನ ಓರಗಿತ್ತಿ ವೇಣಿ ನನಗಿಂತ ಚಿಕ್ಕವಳು. ಗಂಡಂದಿರು ಹೋದ ಮೇಲೂ ನಾವಿಬ್ಬರೂ ಕೊಪ್ಪದಲ್ಲಿ ಒಂದೇ ಒಲೆಯ ಮುಂದೆ ಜಗಳವಾಡಿಕೊಂಡು ಇದ್ದೇವೆ. ಅವಳ ತವರು ಶೃಂಗೇರಿಯ ಆಚೆ, ನೆಮ್ಮಾರ್. ಒಂದು ಹಬ್ಬಕ್ಕೆ ಇವಳು ಹೊತ್ತುಕೊಂಡು ಹೋದ ಕಡುಬು ಅಲ್ಲಿ ದನದ ಕಲಗಚ್ಚಿನ ಬಾನಿಯಲ್ಲಿ ತೇಲುತ್ತಿದ್ದದ್ದನ್ನು ಕಂಡು, ತನ್ನ ತಮ್ಮ ಸುಬ್ರಾಯನ ಮನೆಗೆ ಇನ್ನು ಕಾಲಿಡುವುದಿಲ್ಲ ಅಂತ ಬಂದವಳು ಇಪ್ಪತ್ತು ವರ್ಷ ಇಟ್ಟಿರಲಿಲ್ಲ. ಈಚೆಗೆ ಯಾರೋ ಆ ಹಳೇ ಮನೆ ಕೆಡವಿದರಂತೆ ಅಂದರು. ಅವತ್ತಿಂದ ಅವಳಿಗೆ ಊಟ ಸೇರದು. ಯಾರನ್ನಾದರೂ ಕೇಳೋಣವೆಂದರೆ ಮರ್ಯಾದೆ ಅಡ್ಡ.

"ಮೇಲಿಂದ ಆದ್ರೆ ಯಾರನ್ನೂ ಕೇಳೋದು ಬೇಡ ಅಕ್ಕಯ್ಯ. ಮನೆ ಉಂಟಾ ಇಲ್ವಾ, ಅಷ್ಟು ನೋಡ್ಕೊಂಡು ಬಾ," ಅಂದಿದ್ದಳು.

ನೋಡಿದೆ ಕೂಡ, ಕನಸಿನಲ್ಲಿ. ವಿಮಾನ ನಮ್ಮ ಸರ್ವಿಸ್ ಬಸ್ಸಿನಷ್ಟೇ ನಿಧಾನ ಹೋಗುತ್ತಿತ್ತು. ಕಿಟಕಿಗೆ ಗಾಜಿರಲಿಲ್ಲ, ಮೊಣಕೈ ಹೊರಗೆ ಚಾಚಿ ಕೂತಿದ್ದೆ. ಕೆಳಗೆ ತುಂಗೆ, ಒಣಗಲು ಹರವಿದ ಸೀರೆಯ ಹಾಗೆ, ಒಂದು ಸೆರಗು ಮಾತ್ರ ಗಾಳಿಗೆ ಅಲ್ಲಾಡುತ್ತಿತ್ತು. ನೆಮ್ಮಾರ್ ಬಂತು. ಬಾವಿ ಬಂತು, ಹೆಂಚಿನ ಮಾಡು ಬಂತು, ಕೊಟ್ಟಿಗೆಯ ಬಾಗಿಲಲ್ಲಿ ಬಿಳೀ ಕರು. ಯಾರೋ ಅಂಗಳ ಸಾರಿಸುತ್ತಿದ್ದರು. ನಾನು ತಲೆಯ ಮೇಲೇ ಹೋದರೂ ಕತ್ತೆತ್ತಲಿಲ್ಲ. ಹಸಿ ಸಗಣಿಯ ವಾಸನೆ ಮೂಗಿಗೆ ಬರುವಷ್ಟರಲ್ಲಿ ವಸಂತಿ ಭುಜ ಅಲ್ಲಾಡಿಸಿದಳು. "ಅಮ್ಮ, ಏಳು. ಬೆಂಗಳೂರು."

"ನೆಮ್ಮಾರ್ ದಾಟಿ ಎಷ್ಟು ಹೊತ್ತಾಯ್ತು?"

"ಎಂತ ನೆಮ್ಮಾರ್? ಆ ಕಡೆಗೆ ಹೋಗೋದೇ ಇಲ್ಲ ಇದು."

ಮದುವೆ ಮುಗಿಸಿ ಕೊಪ್ಪಕ್ಕೆ ಬಂದಾಗ ವೇಣಿ ಜಗಲಿಯಲ್ಲೇ ಕೂತಿದ್ದಳು. ಕೈಚೀಲ ಇಳಿಸಲೂ ಬಿಡಲಿಲ್ಲ. ನಾನು ಮುಖ ನೋಡಿ ಸುಳ್ಳು ಹೇಳುವವಳಲ್ಲ. ಅದಕ್ಕೇ ಗೋಡೆ ನೋಡಿಕೊಂಡು ಹೇಳಿದೆ. "ಮನೆ ಉಂಟು."

"ಬಾವಿ?"

"ಉಂಟು."

"ಕೊಟ್ಟಿಗೆ ಕಂಡ್ತಾ?"

"ಕಂಡ್ತು. ಬಿಳೀ ಕರು ಇತ್ತು."

ಆಮೇಲೆ ಬಾವಿಯ ದಾರಿ, ಅಂಗಳದ ಮೆಟ್ಟಿಲು, ಒಂದೊಂದೇ ಕೇಳಿದಳು. ನಾನೂ ಧಾರಾಳವಾಗಿ ಕೊಟ್ಟೆ. ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡಳು. ಅವಳು ಉಣ್ಣುತ್ತಿದ್ದಂತೆ ನಾನು ಅರ್ಧಕ್ಕೇ ಎದ್ದು ಕೈ ತೊಳೆದೆ. ನಿಜವಾಗಿ ಮನೆ ಬಿದ್ದುಹೋಗಿದ್ದರೆ?

ಮರುದಿನ ಬೆಳಿಗ್ಗೆ ದೋಸೆ ಹುಯ್ಯುತ್ತಾ ಹೇಳಿಬಿಟ್ಟೆ. "ವೇಣಿ, ನಾನು ಎಂತದೂ ನೋಡ್ಲಿಲ್ಲ. ಮಲಗಿದ್ದೆ."

"ಗೊತ್ತು," ಅಂದಳು, ದೋಸೆ ಮುರಿಯುತ್ತಾ. "ಆ ಹಳೇ ಕೊಟ್ಟಿಗೆ ನನ್ನ ಮದುವೆಗೆ ಚಪ್ಪರ ಹಾಕಕ್ಕೆ ಅಂತ ಅಪ್ಪಯ್ಯ ಕೀಳಿಸಿದ್ದು. ಬಿಳೀ ಕರು ನಾನು ಸಣ್ಣವಳಿದ್ದಾಗಿಂದು. ಎಲ್ಲ ನಾನೇ ನಿಂಗೆ ಹೇಳಿದ್ದಲ್ವಾ?"

"ಮತ್ತೆ ನಿನ್ನೆ ಯಾಕೆ ಸುಮ್ಮನೆ ಕೇಳ್ತಾ ಕೂತೆ ಮಾರಾಯ್ತಿ?"

"ನೀನು ಚೆನ್ನಾಗಿ ಹೇಳ್ತಾ ಇದ್ದೆ. ನಿಲ್ಲಿಸಕ್ಕೆ ಮನಸಾಗ್ಲಿಲ್ಲ."

ನಾನು ಒಲೆ ಆರಿಸಿ, ಸೀರೆ ಬದಲಿಸಿ, ಅವಳ ಸೀರೆಯನ್ನೂ ತೆಗೆದುಕೊಟ್ಟು, ಅವಳನ್ನು ಶೃಂಗೇರಿ ಬಸ್ಸು ಹತ್ತಿಸಿ ನಾನೂ ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ನೆಮ್ಮಾರಿನಲ್ಲಿ ಇಳಿದ ವೇಣಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತೇಬಿಟ್ಟಳು. "ನೀನು ಮೊದಲು ನೋಡ್ಕೊಂಡು ಬಾ. ಇದ್ರೆ ಕರಿ," ಅಂದಳು.

ಇಳಿಜಾರಿನಲ್ಲಿ ಒಬ್ಬಳೇ ಇಳಿದೆ. ಈ ಸಲ ಎರಡು ಕಣ್ಣೂ ಅಗಲಿಸಿ ನೋಡಿದೆ. ಮನೆ ಇತ್ತು. ಕೆಡವಿದ್ದು ಹಿಂದಿನ ಬಚ್ಚಲು ಮಾತ್ರ. ಅಂಗಳದಲ್ಲಿ ತಲೆ ಬೆಳ್ಳಗಾದ ಸುಬ್ರಾಯ ನಿಂತಿದ್ದ. ನನ್ನನ್ನು ನೋಡಿದ, ಆದರೆ ಅವನ ಕಣ್ಣು ನನ್ನನ್ನು ದಾಟಿ ಹಿಂದಕ್ಕೆ ಹೋಯಿತು. "ಅಕ್ಕ," ಅಂದ.

ತಿರುಗಿ ನೋಡಿದರೆ, ನಾನು ನೋಡಿ ಹೇಳುತ್ತೇನೆಂಬ ನಂಬಿಕೆ ಸಾಲದೆ, ವೇಣಿ ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದಳು.