ಕೆಂಪು ಸ್ವಲ್ಪ ಜಾಸ್ತಿಯಾಯ್ತು

ಅಥವಾ ಕಾಪುವಿನಲ್ಲಿ ನಾನು ಬೋರ್ಡು ಮಾಡಿಕೊಟ್ಟದ್ದು ಉಪ್ಪಿನಕಾಯಿಯ ಅಂಗಡಿಗೇ ಆಗಿತ್ತೋ ಏನೋ. ಇಷ್ಟು ವರ್ಷ ಕೇಕಿನ ಅಂಗಡಿ ಎಂದೇ ಹೇಳಿಕೊಂಡು ಬಂದಿದ್ದೇನೆ. ಆದರೆ ನನ್ನ ನೆನಪಿಗೆ ಎಲ್ಲಿಯದೋ ಪರಿಮಳವನ್ನು ತಂದು ಇನ್ನೆಲ್ಲಿಗೋ ಅಂಟಿಸುವ ಕೆಟ್ಟ ಅಭ್ಯಾಸವಿದೆ, ಮತ್ತು ಆಗ ಮಣಿಪಾಲದಲ್ಲಿ ನನ್ನ ಆಫೀಸಿನ ಕೆಳಗೇ ಒಂದು ಬೇಕರಿ ಇತ್ತು. ಕೊನೆಗೆ ಕೇಕೇ ಎಂದು ತೀರ್ಮಾನಿಸಿದ್ದು ಸೊಂಟದ ಸಾಕ್ಷಿಯ ಮೇಲೆ. ಆ ದಿನಗಳಲ್ಲಿ ನನ್ನ ಪ್ಯಾಂಟುಗಳೆಲ್ಲ ಬಿಗಿಯಾಗಿದ್ದವು. ಉಪ್ಪಿನಕಾಯಿ ತಿಂದು ಯಾರೂ ದಪ್ಪಗಾದದ್ದನ್ನು ನಾನು ಕೇಳಿಲ್ಲ.

ಆಫೀಸು ಎಂದರೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಮತ್ತು ನನ್ನ ಗಾಂಭೀರ್ಯ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೋರ್ಡು ಬರೆಸುವುದಕ್ಕೂ ಲೋಗೊ ಮಾಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಉಡುಪಿಯ ಸುತ್ತಮುತ್ತಲಿನವರಿಗೆ ತಿಳಿಸುವ ಹೊಣೆ ನನ್ನ ಹೆಗಲ ಮೇಲಿದೆ ಎಂದು ನಂಬಿದ್ದೆ. ಹೊಸ ಗಿರಾಕಿ ಬಂದರೆ ಕೆಲಸಕ್ಕೆ ಕೈಹಾಕುವ ಮೊದಲು ಪ್ರಶ್ನೆಗಳನ್ನು ಕೇಳಬೇಕೆಂದು ಯಾವುದೋ ವಿದೇಶಿ ಪತ್ರಿಕೆಯಲ್ಲಿ ಓದಿದ್ದೆ. ಕೇಳಿದೆ. ಮಟ್ಟುವಿನಿಂದ ಬಂದ ಗುಳ್ಳದ ವ್ಯಾಪಾರಿಯೊಬ್ಬರನ್ನು, "ನಿಮ್ಮ ಗ್ರಾಹಕರು ಯಾರು?" ಎಂದರೆ, "ಬದನೆ ತಿನ್ನುವವರು" ಎಂದರು. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಮರದ ಪೀಠೋಪಕರಣ ಮಾರುತ್ತಿದ್ದ ಹಿರಿಯರನ್ನು, "ನಿಮ್ಮ ಸಂಸ್ಥೆ ಒಂದು ಪ್ರಾಣಿಯಾಗಿದ್ದರೆ ಯಾವ ಪ್ರಾಣಿಯಾಗಿರುತ್ತಿತ್ತು?" ಎಂದು ಕೇಳಿದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಮೆಲ್ಲಗೆ, "ಮನೆಯಲ್ಲಿ ಎಲ್ಲ ಸೌಖ್ಯವಾ ಭಟ್ರೇ? ರಾತ್ರಿ ನಿದ್ದೆ ಬರ್ತದಲ್ವಾ?" ಎಂದು ವಿಚಾರಿಸಿದರು.

ಹೀಗಿರುವಾಗ ಕಾಪುವಿನಿಂದ ಹಿಲ್ಡಾ ಬಾಯಿ ಬಂದರು. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಬಾಯಿ ಎನ್ನುತ್ತಾರೆ. ಮನೆಯಲ್ಲೇ ಕೇಕ್ ಮಾಡಿ ಮದುವೆಗಳಿಗೆ ಕೊಡುತ್ತಿದ್ದವರು, ಈಗ ರಸ್ತೆ ಬದಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಯಾಕೆ ಅಂಗಡಿ ತೆರೆಯುತ್ತಿದ್ದೀರಿ ಎಂದು ಕೇಳಿದೆ. "ಗುಣಮಟ್ಟ", "ಗ್ರಾಹಕರ ತೃಪ್ತಿ" ಎಂದೆಲ್ಲ ಬರೆದುಕೊಳ್ಳಲು ಪೆನ್ನು ಹಿಡಿದು ಕುಳಿತಿದ್ದರೆ ಬಾಯಿ ಹೇಳಿದ್ದೇ ಬೇರೆ. "ಇವರು ಗಲ್ಫಿನಲ್ಲಿ ಇದ್ದಾರಲ್ವಾ. ಊರಿನಲ್ಲಿ ಒಂದು ಅಂಗಡಿ ನಿಂತರೆ ಬಂದುಬಿಡ್ತೇನೆ ಅಂತ ಹೇಳಿದ್ದಾರೆ. ಮಕ್ಕಳು ಅಪ್ಪನನ್ನು ಫೋನಿನಲ್ಲೇ ನೋಡಿ ದೊಡ್ಡದಾದವು, ಮಾರಾಯ್ರೇ." ಫೋನಿನಲ್ಲಿ ಯಾರನ್ನೂ ನೋಡಲಾಗದ ಕಾಲ ಅದು. ಆದರೂ ನನಗೆ ಅರ್ಥವಾಯಿತು.

ಒಂದೇ ಷರತ್ತು: ಗಂಡ ಗ್ರೆಗರಿಯವರು ಒಪ್ಪಿದ ಮೇಲೆಯೇ ಬೋರ್ಡು. "ನಾನೇ ಹಾಕಿದರೆ ಅಂಗಡಿ ನನ್ನೊಬ್ಬಳದ್ದಾಗ್ತದೆ. ಮತ್ತೆ ಅವರಿಗೆ ಬರ್ಲಿಕ್ಕೆ ಎಂತ ಉಂಟು?" ಎಂದರು ಬಾಯಿ. ಆದ್ದರಿಂದ ನಾನು ಮಾಡಿದ ಚಿತ್ರವನ್ನು ಎಸ್‌ಟಿಡಿ ಬೂತಿನಿಂದ ಗ್ರೆಗರಿಯವರ ಕಂಪನಿಗೆ ಫ್ಯಾಕ್ಸ್ ಮಾಡುವುದು, ಶುಕ್ರವಾರ ಅವರಿಗೆ ರಜೆಯಾದ್ದರಿಂದ ಆ ದಿನ ಅವರು ಕಾಪುವಿನ ಮನೆಗೆ ಫೋನು ಮಾಡುವುದು, ಅಭಿಪ್ರಾಯ ಕೇಳಲು ನಾನು ಬಸ್ಸು ಹಿಡಿದು ಅಲ್ಲಿಗೆ ಹೋಗಿ ಕೂರುವುದು ಎಂದಾಯಿತು. ಫೋನು ಬರುವವರೆಗೆ ಬಾಯಿ ಕೇಕ್ ಕೊಡುತ್ತಿದ್ದರು. ಫೋನು ತಡವಾದರೆ ಇನ್ನೊಂದು ತುಂಡು. ಗಲ್ಫಿನ ಲೈನು ಸುಲಭವಾಗಿ ಸಿಗದಿರಲಿ ಎಂದು ನಾನು ಹರಕೆ ಹೊತ್ತಿರಲಿಲ್ಲ, ಅಷ್ಟೆ.

ಗ್ರೆಗರಿಯವರು ಯಾವತ್ತೂ ಬೇಡ ಎನ್ನಲಿಲ್ಲ. ಒಂದು ವಾರ ಅಕ್ಷರ ಸಣ್ಣದಾಗಿತ್ತು, ಮುಂದಿನ ವಾರ ದಪ್ಪವಾಗಿತ್ತು. ಒಮ್ಮೆ ಕೇಕು ಎಡಕ್ಕೆ ವಾಲಿದಂತೆ ಕಂಡಿತು. ಮಳೆಗಾಲ ಮುಗಿದಿತ್ತು, ಕೋಣೆಯ ಬಾಡಿಗೆ ಸುಮ್ಮನೆ ಹೋಗುತ್ತಿತ್ತು. "ಎಲ್ಲ ಒಳ್ಳೇದುಂಟು ಭಟ್ರೇ," ಎಂದರು ಒಂದು ಶುಕ್ರವಾರ. "ಕೆಂಪು ಮಾತ್ರ ಸ್ವಲ್ಪ ಜಾಸ್ತಿಯಾಯ್ತು. ಅಲ್ವಾ?" ಕಡಿಮೆ ಮಾಡುತ್ತೇನೆ ಎಂದು ಒಪ್ಪಿಕೊಂಡು ಹೊರಟೆ. ಬಸ್ಸು ಕಟಪಾಡಿ ದಾಟುವಾಗ ತಲೆಗೆ ಹೊಳೆಯಿತು: ಫ್ಯಾಕ್ಸಿನಲ್ಲಿ ಕೆಂಪು ಎಲ್ಲಿಂದ ಬರಬೇಕು? ಹೋಗುವುದೆಲ್ಲ ಕಪ್ಪು ಬಿಳುಪು.

ಮುಂದಿನ ಶುಕ್ರವಾರ ಬಾಯಿಗೆ ಇದನ್ನು ಹೇಗೆ ಹೇಳುವುದೆಂದು ತಡವರಿಸಿದೆ. ಅವರು ತಟ್ಟೆಯನ್ನು ನನ್ನ ಮುಂದೆ ಇಟ್ಟು, "ಗೊತ್ತುಂಟು," ಎಂದರು. "ಮೊನ್ನೆ ಕೇಕು ವಾಲಿದೆ ಅಂದರಲ್ಲ? ಆ ವಾರ ನಿಮ್ಮ ಬೂತಿನಲ್ಲಿ ಕರೆಂಟೇ ಇರ್ಲಿಲ್ಲ. ಫ್ಯಾಕ್ಸು ಹೋಗ್ಲಿಲ್ಲ ಅಂತ ನೀವೇ ಹೇಳಿದ್ರಿ, ಅಲ್ವಾ?" ಕೇಕು ತಿನ್ನುವ ಭರದಲ್ಲಿ ಹೇಳಿ ಮರೆತೇಬಿಟ್ಟಿದ್ದೆ.

"ಮತ್ತೆ ಯಾಕೆ ಹಾಗೆ ಹೇಳುವುದು ಬಾಯಿ?"

"ಹೆದರಿಕೆ. ಅಲ್ಲಿ ಅವರು ಸ್ಟೋರಿನ ಇನ್‌ಚಾರ್ಜು. ಇಲ್ಲಿ ಬಂದರೆ ಕೇಕಿನ ಬಾಯಿಯ ಗಂಡ. ಬೋರ್ಡು ಆಗದಿದ್ದರೆ ಬರುವುದೂ ಬೇಡ, ಬರುವುದಿಲ್ಲ ಅಂತ ಹೇಳುವುದೂ ಬೇಡ." ಇಷ್ಟು ಹೇಳಿ, "ನೀವು ತಿನ್ನಿ," ಎಂದರು. ತಿನ್ನಲಾಗಲಿಲ್ಲ ಎಂದು ಬರೆಯುವ ಆಸೆಯಿದೆ. ತಿಂದೆ.

ಫೋನು ಬಂತು. ಅಲ್ಲಿಯವರೆಗೆ ನನಗೂ ತಿಳಿಯಲೆಂದು ಅವರಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಆ ದಿನ ಬಾಯಿ ರಿಸೀವರನ್ನು ನನಗೆ ಕೊಡದೆ ಗೋಡೆಯ ಕಡೆ ತಿರುಗಿ ನಿಂತು ಕೊಂಕಣಿಯಲ್ಲಿ ಒಂದೇ ಒಂದು ಮಾತು ಹೇಳಿದರು. ಕೊನೆಯಲ್ಲಿ ಧ್ವನಿ ಪ್ರಶ್ನೆ ಕೇಳುವಂತೆ ಮೇಲೇರಿತು. ಆ ಕಡೆಯಿಂದ ಏನೋ ಉತ್ತರ ಬಂತು. ಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, "ಯಾವ ಬಣ್ಣ ಆದರೂ ಆಗ್ತದಂತೆ. ಹಾಕಿ," ಎಂದರು.

ಕ್ರಿಸ್‌ಮಸ್ಸಿಗೆ ಗ್ರೆಗರಿಯವರು ಬಂದರು, ವಾಪಸು ಹೋಗಲಿಲ್ಲ. ನಾನು ನೋಡಿದಾಗ ಅಂಗಡಿಯೊಳಗೆ ಡಬ್ಬಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಹೆಂಡತಿಯನ್ನು ಗದರಿಸುತ್ತಾ ಸ್ಟೋರಿನ ಇನ್‌ಚಾರ್ಜೇ ಆಗಿದ್ದರು. ಬೋರ್ಡಿನತ್ತ ಒಮ್ಮೆಯೂ ತಲೆಯೆತ್ತಿದ್ದನ್ನು ಕಾಣೆ.

ಈಗಲೂ ಹೊಸ ಗಿರಾಕಿಗಳು ಬಂದರೆ ಪ್ರಶ್ನೆಗಳನ್ನು ಕೇಳುತ್ತೇನೆ. ಕಿರಿಯ ವಿನ್ಯಾಸಕಾರರಿಗೂ ಗಂಭೀರವಾಗಿ ಉಪದೇಶಿಸುತ್ತೇನೆ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಆ ಶುಕ್ರವಾರ ಹಿಲ್ಡಾ ಬಾಯಿ ಕೇಳಿಬಿಟ್ಟರು ಎಂದು ನನ್ನ ಅನುಮಾನ. ಅದು ಯಾವ ಪ್ರಶ್ನೆಯೋ ಗೊತ್ತಿಲ್ಲ. ನನಗೆ ಕೊಂಕಣಿ ಬರುವುದಿಲ್ಲ, ಅವರನ್ನು ಕೇಳುವ ಧೈರ್ಯವೂ ಬರಲಿಲ್ಲ.